ಗೋಕರ್ಣದ ಕಡಿ ವೀಕೆಂಡ್ ಸಮುದ್ರ ಕಯಾಕಿಂಗ್: ಕಲಬುರಗಿ ಕ್ಲಬ್ಬಿನ ಟ್ರಿಪ್ ಹೆಂಗದ

ಮೊದಲು ರೊಕ್ಕದ ಮಾತು ಮುಗಿಸಿಬಿಡ್ತೀನಿ, ಯಾಕಂದ್ರ ಫೋನ್ ಮಾಡಿದವ್ರೆಲ್ಲಾ ಅದನ್ನೇ ಕೇಳ್ಲಾಕತ್ತಾರ. ಒಬ್ಬರಿಗಿ 7 ಸಾವಿರದ ಹತ್ರ ಬಿತ್ತು. ಅದ್ರಾಗ ಕಲಬುರಗಿಯಿಂದ ಗೋಕರ್ಣಕ್ಕ ಹೋಗಿ ಬರೋ ಮಿನಿ ಬಸ್ಸು, ರಾತ್ರಿ ಮಲಗಲಾಕ ಹೋಮ್‌ಸ್ಟೇ, ಊಟ, ನಾಷ್ಟಾ, ಕಯಾಕು ಅನ್ನೋ ಸಪೂರ ದೋಣಿ, ಅದನ್ನ ನಡಸೋ ಹುಟ್ಟು ಅಂದ್ರ ಪ್ಯಾಡಲ್ಲು, ಲೈಫ್ ಜಾಕೆಟ್ಟು, ಮತ್ತ ಹೋಗೋಕಿಂತ ಮೊದಲು ನಮ್ಮೂರಾಗೇ ಈಜುಕೊಳದಾಗ ಕೊಡೋ ಟ್ರೇನಿಂಗು ಎಲ್ಲಾ ಬಂತು. ಗೋಕರ್ಣದ ದಂಡಿ ಮ್ಯಾಲ ಅರ್ಧ ತಾಸಿಗಿ, ಒಂದು ತಾಸಿಗಿ ಅಂತ ಬಾಡಿಗಿ ಕಯಾಕ್ ಸಿಗ್ತಾವ, ಹಂಗಿದ್ದ ಮ್ಯಾಲ ಇಷ್ಟು ರೊಕ್ಕ ಯಾಕ ಕೊಡಬೇಕು ಅಂತ ನಮ್ಮ ಮನ್ಯಾಗೂ ಕೇಳಿದ್ರು. ಅದಕ್ಕ ಉತ್ತರ ಕೊಡ್ಲಾಕೇ ಇಷ್ಟುದ್ದ ಬರೀಲಾಕತ್ತೀನಿ. ನನ್ನ ಕೇಳಿದ್ರ ಈ ರೊಕ್ಕದಾಗ ಅರ್ಧಕ್ಕಿಂತ ಹೆಚ್ಚು ಆ ಟ್ರೇನಿಂಗಿಗಿ, ಮತ್ತ "ಇವತ್ತ ಆ ಕಡಿ ಹೋಗೋದು ಬ್ಯಾಡ" ಅಂತ ಎಲ್ಲಾರ ಮುಂದ ನಿಂತು ಹೇಳೋ ಲೀಡರ್‌ಗಿ ಸಲ್ತದ.

ಹೋದವರು ನಾನು, ನಮ್ಮ ತಂಗಿ, ನಮ್ಮ ಅಕ್ಕನ ಮಗ. ಬ್ಯಾಚಿನ್ಯಾಗ ಬ್ಯಾಂಕಿನವ್ರು, ಸಾಲಿ ಮಾಸ್ತರು, ಮೆಡಿಕಲ್ ಓದೋ ಹುಡುಗೂರು, ಶಹಾಬಾದಿನಿಂದ ಬಂದ ಗಂಡ ಹೆಂಡತಿ, ಹಿಂಗ ಎಲ್ಲಾ ನಮ್ಮ ಕಡಿ ಮಂದೀನೇ. ನಮ್ಮ ಭಾಗದ ಮಂದಿಗಿ ಸಮುದ್ರ ಅಂದ್ರ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಗೋಕರ್ಣ ಮುರ್ಡೇಶ್ವರ ದೇವರಿಗಿ ಹೋದಾಗ ಮೊಣಕಾಲ್ ಮಟ ಇಳಿದು ಫೋಟೋ ಹೊಡಕೊಂಡು ಬರೋದು ಅಷ್ಟೇ. ನೀರಿನ ಗುಣ ನಮಗ ಗೊತ್ತಿರಂಗಿಲ್ಲ. ಬಾವಿ ಗೊತ್ತು, ಕೆರಿ ಗೊತ್ತು, ಮಳಿಗಾಲದಾಗ ಕಾಗಿಣಾ ತುಂಬಿ ಸೇತುವಿ ಮ್ಯಾಲ ಹರಿಯೋದು ಗೊತ್ತು, ಆದ್ರ ದಿನಕ್ಕ ಎರಡು ಸಲ ಏರಿ ಎರಡು ಸಲ ಇಳಿಯೋ ನೀರು ಗೊತ್ತಿಲ್ಲ. ಅದಕ್ಕೇ ಸಮುದ್ರದ ದಂಡಿ ಊರಿನವ್ರಿಗಿ ಬರಿಯೋ ರಿವ್ಯೂ ನಮಗ ಉಪಯೋಗ ಆಗಂಗಿಲ್ಲ, ನಮ್ಮವ್ರಿಗೋಸ್ಕರ ನಮ್ಮವ್ರೇ ಬರೀಬೇಕು.

ಟ್ರೇನಿಂಗ್ ಬಗ್ಗಿ ಜರಾ ಜಾಸ್ತೀನೇ ಬರಿತೀನಿ. ಊರಾಗಿನ ಈಜುಕೊಳದಾಗ ಮುಂಜಾನಿ ಮಂದಿ ಬರೋಕಿಂತ ಮೊದಲು ಕರೀತಾರ. ಕಯಾಕ್ ಅಂದ್ರ ಬೀಚಿನ್ಯಾಗ ಕಾಣೋ ಮ್ಯಾಲ ಕೂಡೋ ಪ್ಲಾಸ್ಟಿಕ್ ಹಲಗಿಯಂಥಾದ್ದಲ್ಲ, ಇದು ಸಮುದ್ರಕ್ಕಂತ್ಲೇ ಮಾಡಿದ ಸುಮಾರು 5 ಮೀಟರ್ ಉದ್ದದ, ಎರಡು ಅಡಿಗಿಂತ ಅಗಲ ಇರದ ಸಪೂರ ದೋಣಿ, ಸೊಂಟದ ಮಟ ಒಳಗ ಇಳಿದು ಕೂಡಬೇಕು, ಕಾಲು ಮುಂದ ಚಾಚಿ ಪಾದ ಪೆಡಲ್ ಮ್ಯಾಲ ಒತ್ತಿ, ಮೊಣಕಾಲು ಎರಡೂ ಕಡಿ ಮ್ಯಾಲ ಒತ್ತಿ ಹಿಡೀಬೇಕು. ಸೊಂಟಕ್ಕ ಒಂದು ರಬ್ಬರಿನಂಥಾ ಅರಿವಿ ಕಟ್ಟತಾರ, ಸ್ಪ್ರೇ ಸ್ಕರ್ಟ್ ಅಂತಾರ, ಅದ್ರ ಅಂಚು ದೋಣಿ ಬಾಯಿಗಿ ಬಿಗಿದು ಕೂಡಸಿದ್ರ ಅಲೆ ಮ್ಯಾಲಿಂದ ಹಾದ್ರೂ ಒಳಗ ನೀರು ಬರಂಗಿಲ್ಲ. ಎಲ್ಲಾರಿಗೂ ಮೊದಲ ಬರೋ ಹೆದ್ರಿಕಿ ಏನಂದ್ರ, ದೋಣಿ ಬೋರಲ್ ಬಿದ್ರ ಹೊರಗ ಬರೋದು ಹೆಂಗ ಅನ್ನೋದು. ಅದನ್ನೇ ಮೊದಲು ಕಲಿಸ್ತಾರ, ಪ್ಯಾಡಲ್ ಕೈಗಿ ಕೊಡೋಕಿಂತಾನೂ ಮೊದಲು.

ಹೆಂಗ ಅಂದ್ರ, ಕಲಿಸೋ ಮಾಸ್ತರು ಬಾಜೂಕ ಎದಿ ಮಟ ನೀರಾಗ ನಿಂತಿರ್ತಾರ, ನಾವೇ ಬೇಕಂತ್ಲೇ ಒಂದು ಕಡಿ ವಾಲಿ ಬೋರಲ್ ಆಗಬೇಕು. ತಲಿ ಕೆಳಗ, ಮೂಗಿನ್ಯಾಗ ನೀರು, ಕಣ್ಣು ತೆರದ್ರ ನೀಲಿ ಟೈಲ್ಸ್ ಕಾಣ್ತಾವ. ಅಲ್ಲೇ ಗಡಿಬಿಡಿ ಮಾಡ್ಲಾರದಂಗ ಎರಡೂ ಕೈ ಹೊರಗ ತಂದು ದೋಣಿ ಹೊಟ್ಟಿ ಮ್ಯಾಲ ಮೂರು ಸಲ ಬಡೀಬೇಕು, ನನಗ ಸಹಾಯ ಬೇಕು ಅಂತ ಮಂದಿಗಿ ಗೊತ್ತಾಗ್ಲಾಕ. ಆಮ್ಯಾಲ ಕೈ ಮುಂದ ಜಾರಿಸಿ ಸ್ಕರ್ಟಿನ ಮುಂದಿನ ಲೂಪ್ ಹಿಡ್ಕೊಂಡು ಮೊದಲು ಮುಂದಕ್ಕ ದೂಡಿ ಮ್ಯಾಲಕ್ಕ ಜಗ್ಗಬೇಕು, ಸ್ಕರ್ಟ್ ಬಿಚ್ಕೋತದ, ಆಮ್ಯಾಲ ಎರಡೂ ಕೈ ಸೊಂಟದ ಬಾಜೂಕ ಊರಿ ಪ್ಯಾಂಟ್ ಕಳದಂಗ ದೋಣಿನ ದೂಡಬೇಕು, ಮೈ ತಾನೇ ಹೊರಗ ಬರ್ತದ. ಓದ್ಲಾಕ ಉದ್ದ ಅನಸ್ತದ, ನೀರಾಗ ಉಸಿರು ಒಮ್ಮೆ ಹಿಡಿದು ಬಿಡೋದ್ರೊಳಗ ಮುಗೀತದ. ನಮ್ಮ ತಂಗಿ ಮೊದಲು "ಅಕ್ಕಾ ನಾ ಒಲ್ಲೆ, ನೀ ಮಾಡು ನಾ ನೋಡ್ತೀನಿ" ಅಂತ ದಂಡಿಗೇ ಕೂತಿದ್ಳು. ಆ ಮಾಸ್ತರು ಒಂದು ಮಾತು ಗಟ್ಟಿಯಾಗಿ ಬೈಲಿಲ್ಲ, ಮೊದಲು ಸ್ಕರ್ಟ್ ಇಲ್ಲದ ಬರೀ ದೋಣಿ, ಆಮ್ಯಾಲ ಸ್ಕರ್ಟ್ ಸಡಿಲ ಹಾಕಿ, ಆಮ್ಯಾಲ ಪೂರಾ ಬಿಗಿದು, ಹಿಂಗ ಮೆಟ್ಲ ಮೆಟ್ಲ ಕರ್ಕೊಂಡು ಹೋದ್ರು. ಕಡೀಕ ಆಕಿ "ಇನ್ನೊಮ್ಮೆ ಸರ್" ಅಂತ ತಾನೇ ಕೇಳ್ಲಾಕತ್ತಿದ್ಳು. ಆ ಲೂಪ್ ಸ್ಕರ್ಟಿನ ಒಳಗ ಸಿಕ್ಕೊಂಡಿಲ್ಲ, ಹೊರಗ ಅದ ಅಂತ ಪ್ರತಿ ಸಲ ಬಾಜೂದವ್ರು ಕೈ ಮುಟ್ಟಿ ನೋಡಬೇಕು ಅನ್ನೋದು ಕ್ಲಬ್ಬಿನ ರೂಲ್, ಸಮುದ್ರದಾಗೂ ಅದನ್ನ ಒಮ್ಮೆನೂ ಬಿಡ್ಲಿಲ್ಲ.

ಈಜು ಬರಬೇಕೋ ಬ್ಯಾಡೋ ಅನ್ನೋದು ಎರಡನೇ ಪ್ರಶ್ನೆ. ಕ್ಲಬ್ಬಿನವ್ರು "ಈಜು ಬರದಿದ್ರೂ ನಡೀತದ, ನೀರಿಗಿ ಹೆದರಬಾರದು ಅಷ್ಟೇ" ಅಂತಾರ. ಇದಕ್ಕ ನನ್ನ ಒಪ್ಪಿಗಿ ಇಲ್ಲ. ಲೈಫ್ ಜಾಕೆಟ್ ತೇಲಿಸ್ತದ, ನಿಜ, ಆದ್ರ ಮುಖದ ಮ್ಯಾಲ ಅಲೆ ಬಂದು ಬಿದ್ದಾಗ ಉಸಿರು ಹೆಂಗ ಹಿಡೀಬೇಕು ಅನ್ನೋದು ಈಜು ಕಲ್ತವ್ರಿಗಿ ಮೈಗಿ ಬಂದಿರ್ತದ, ಬರದವ್ರು ನುಂಗಿ ನುಂಗಿ ಗಾಬರಿ ಆಗ್ತಾರ. ನಮ್ಮ ಅಕ್ಕನ ಮಗ ಆಳಂದ ಕಡಿ ಹಳ್ಳಿ ಬಾವಿಯಾಗ ಬೆನ್ನಿಗಿ ಡಬ್ಬಿ ಕಟ್ಟಿಸ್ಕೊಂಡು ಕಲ್ತವ, ಅವನಿಗಿ ಯಾವ ಫಿಕರೂ ಇರ್ಲಿಲ್ಲ. ಹೆಣ್ಮಕ್ಕಳಿಗಿ ನಮ್ಮ ಕಡಿ ಬಾವಿಗಿ ಇಳೀಲಾಕ ಯಾರು ಬಿಟ್ಟಾರ ಹೇಳ್ರಿ. ಅದಕ್ಕ ಕ್ಲಬ್ಬಿನವ್ರಿಗಿ ನನ್ನ ಕಳಕಳಿಯ ವಿನಂತಿ ಏನಂದ್ರ, ಬುಕಿಂಗ್ ತಗೊಂಡ ಮ್ಯಾಲ ಈಜು ಬರದ ಹೆಣ್ಮಕ್ಕಳಿಗಿ ಒಂದು ವಾರ ಮುಂಚಿತ ಬ್ಯಾರೇನೇ ಕ್ಲಾಸ್ ಇಡ್ರಿ, ರೊಕ್ಕ ಜಾಸ್ತಿ ತಗೊಂಡ್ರೂ ಬರ್ತಾರ.

ಪ್ರಯಾಣದ ಬಗ್ಗಿ ಹೇಳೋದು ಭಾಳ ಇಲ್ಲ. ಶುಕ್ರವಾರ ಸಂಜಿ ಬಿಟ್ಟು ಜೇವರ್ಗಿ, ಸಿಂದಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾ ಮ್ಯಾಲ ಹಾಸಿ ಗೋಕರ್ಣ, 500 ಕಿಲೋಮೀಟರಿನ ಹತ್ರ ಆಗ್ತದ, ರಾತ್ರಿ ಪೂರಾ ಬಸ್ಸಿನ್ಯಾಗೇ. ಸೀಟು ಹಿಂದಕ್ಕ ಬಾಗ್ತಿರ್ಲಿಲ್ಲ, ಬಿಟ್ಟಿದ್ದೂ ಒಂದೂವರಿ ತಾಸು ತಡ. ಇದು ಸಣ್ಣ ಮಾತಲ್ಲ, ಯಾಕಂದ್ರ ರಾತ್ರಿ ನಿದ್ದಿ ಇಲ್ಲದವ್ರನ್ನ ಮುಂಜಾನಿ ಸಮುದ್ರಕ್ಕ ಇಳಸಬಾರದು. ಟ್ರೇನಿಂಗಿನ್ಯಾಗ ಅಷ್ಟು ಶಿಸ್ತು ಇಟ್ಟವ್ರು ಬಸ್ಸಿನ ವಿಷಯದಾಗ ಹಿಂಗ ಯಾಕ ಬಿಟ್ರು ಅಂತ ನನಗ ಬ್ಯಾಸರ ಆಯ್ತು, ಅಲ್ಲೇ ಹೇಳೂ ಹೇಳೀನಿ. ಒಂದು ಒಳ್ಳೆ ಕೆಲಸ ಮಾಡಿದ್ರು, ತಡ ಆಗ್ಯಾದಂತ ಶನಿವಾರದ ದಾರಿ ಕಡಿಮಿ ಮಾಡಿದ್ರು, ಎಲ್ಲಾರನ್ನೂ ಎರಡು ತಾಸು ಮಲಗಿಸಿದ್ರು.

ಸಾಮಾನು ಹೆಂಗಿತ್ತು ಅಂದ್ರ, ದೋಣಿಗೋಳು ಹಳೀವೇ, ಹೊಟ್ಟಿ ಮ್ಯಾಲ ಗೀರು ಬಿದ್ದಾವ, ಆದ್ರ ಹಿಂದ ಮುಂದ ಇರೋ ಡಿಕ್ಕಿಗೋಳ ಮುಚ್ಚಳ ಬರೋಬ್ಬರಿ ಕೂಡ್ತಿದ್ವು, ಒಳಗ ಒಂದು ಹನಿ ನೀರು ಬರ್ಲಿಲ್ಲ. ಮುಚ್ಚಳ ಬಿಗಿ ಇರೋದು ಬರೀ ಅರಿವಿ ತೊಯ್ಯಬಾರದು ಅಂತಲ್ಲ, ಆ ಡಿಕ್ಕಿಯೊಳಗಿನ ಗಾಳೀನೇ ದೋಣಿ ಬೋರಲ್ ಬಿದ್ದಾಗ ತೇಲಿಸೋದು. ದೋಣಿ ಸುತ್ತ ಹಿಡ್ಕೋಳ್ಲಾಕ ಹಗ್ಗ ಇತ್ತು, ಲೀಡರ್ ಹತ್ರ ಜಗ್ಗಿಕೊಂಡು ಹೋಗೋ ಹಗ್ಗ, ನೀರು ಎತ್ತೋ ಕೈಪಂಪು, ಫಸ್ಟ್ ಏಡ್ ಡಬ್ಬಿ, ಎಲ್ಲಾರ ಜಾಕೆಟ್ಟಿಗಿ ಸೀಟಿ. ಕೋಸ್ಟ್ ಗಾರ್ಡ್ ನಂಬರ್ 1554 ಎಲ್ಲಾರ ಫೋನಿನ್ಯಾಗೂ ಅಲ್ಲೇ ನಿಂತು ಸೇವ್ ಮಾಡ್ಸಿದ್ರು. ಲೈಫ್ ಜಾಕೆಟ್ ವಿಷಯದಾಗ ಮಾತ್ರ ಕಡಿಮಿ ಬಿತ್ತು. ಎಲ್ಲಾ ದೊಡ್ಡ ಸೈಜು. ಹಾಕ್ಕೊಂಡ ಮ್ಯಾಲ ಭುಜದ ಪಟ್ಟಿ ಹಿಡಿದು ಮ್ಯಾಲಕ್ಕ ಎತ್ತಿದ್ರ ಗದ್ದದ ಮಟ ಬರಬಾರದು, ನಮ್ಮ ತಂಗೀದು ಗದ್ದಕ್ಕ ಬಂದು ನಿಂತ್ತು. ಬಾಜೂದ ಪಟ್ಟಿ ಪೂರಾ ಜಗ್ಗಿ, ಕಾಲಿನ ಸಂದಿಂದ ಒಂದು ಪಟ್ಟಿ ಹಾಸಿ ಕಟ್ಟಿ ಸರಿ ಮಾಡಿದ್ರು. ಹೆಣ್ಮಕ್ಕಳಿಗೂ ಟ್ರಿಪ್ ಅಂತ ಹಾಕಿದ ಮ್ಯಾಲ ಹೆಣ್ಮಕ್ಕಳ ಸೈಜಿನ ಜಾಕೆಟ್ ಇರ್ಲೇಬೇಕು, ಇದಕ್ಕ ಎರಡು ಮಾತಿಲ್ಲ.

ಇನ್ನ ಸಮುದ್ರ. ಓಂ ಬೀಚಿನಿಂದ ಇಳಿದ್ವಿ. ಆ ಬೀಚು ಎರಡು ಅರ್ಧ ಚಂದ್ರ ಕೂಡಿದಂಗ ಅದ, ನಡುವ ಕರಿ ಕಲ್ಲಿನ ಮೂಗು ನೀರಿನೊಳಗ ಚಾಚ್ಯಾದ, ಅದ್ರ ಬಾಜೂಕ ಅಲೆ ಜರಾ ಸಣ್ಣದಿರ್ತದ. ಲೀಡರ್ ಬಂದ ಕೂಡಲೇ ಇಳಿಸ್ಲಿಲ್ಲ, ಎಲ್ಲಾರನ್ನೂ ಉಸುಕಿನ ಮ್ಯಾಲ ಕೂಡಿಸಿ ಸುಮ್ನ ಅಲೆ ನೋಡ್ರಿ ಅಂದ್ರು. ನೋಡ್ಕೋತ ಕೂತ್ರ ಗೊತ್ತಾಗ್ತದ, ಒಂದಿಷ್ಟು ದೊಡ್ಡ ಅಲೆ ಸಾಲಾಗಿ ಬರ್ತಾವ, ಆಮ್ಯಾಲ ಸ್ವಲ್ಪ ಹೊತ್ತು ತಣ್ಣಗಾಗ್ತದ, ಆ ತಣ್ಣಗಾದಾಗ ನುಗ್ಗಬೇಕು, ಅರ್ಧಕ್ಕ ನಿಂತ್ರ ದೋಣಿ ಅಡ್ಡ ತಿರುಗಿ ಬೀಳಸ್ತದ. ಒಬ್ಬೊಬ್ಬರನ್ನೇ ಹಿಂದಿಂದ ದೂಡಿ ಬಿಟ್ರು. ಮುರಿಯೋ ಅಲೆ ದಾಟಿ ಆ ಕಡಿ ಹೋದ ಮ್ಯಾಲ ನೀರಿನ ನಡಗಿನೇ ಬ್ಯಾರೆ, ಎತ್ತರಕ್ಕ ಎತ್ತಿ ಮೆಲ್ಲಕ ಇಳಿಸ್ತದ, ಬಿಳಿಜೋಳದ ಹೊಲದ ಮ್ಯಾಲ ಗಾಳಿ ಹಾದು ಹೋಗ್ತದಲ್ಲ ಹಂಗ, ಎಲ್ಲಿಂದನೋ ಬಂದು ನಮ್ಮ ಕೆಳಗಿಂದ ಹಾದು ಹೋಗ್ತದ, ನೀರು ಅಲ್ಲೇ ಇರ್ತದ.

ಮುಂಜಾನಿ ಗಾಳಿ ದಂಡಿಯಿಂದ ಸಮುದ್ರದ ಕಡಿ ಬೀಸ್ತದ, ಯಾಕಂದ್ರ ರಾತ್ರಿ ನೆಲ ಜಲ್ದಿ ಆರ್ತದ, ನೀರು ಆರಂಗಿಲ್ಲ. ಬಿಸಿಲೇರಿದ ಮ್ಯಾಲ ನೆಲ ಕಾದು ಗಾಳಿ ತಿರುಗತದ, ಸಮುದ್ರದಿಂದ ದಂಡಿಗಿ ಬರ್ತದ, ಮಧ್ಯಾಹ್ನ ಆದಂಗ ಜೋರಾಗ್ತದ. ಇದನ್ನ ಸಾಲಿಯಾಗ ಎಲ್ಲಾರೂ ಓದೀವಿ, ಆದ್ರ ಅದ್ರ ಮ್ಯಾಲ ದಿನದ ಟೈಮ್ ಟೇಬಲ್ ಹಾಕಿದ್ದು ಇಲ್ಲೇ ನೋಡೀನಿ. ಮುಂಜಾನಿ ದಂಡಿ ಹತ್ರ ನೀರು ಏಕದಮ್ ಶಾಂತ ಕಾಣ್ತದ, ಅದಕ್ಕ ನಂಬಿ ದೂರ ಹೋದ್ರ ಆ ಗಾಳೀನೇ ಇನ್ನೂ ದೂರ ಒಯ್ತದ, ಅದಕ್ಕ ಮುಂಜಾನಿ ದಂಡಿ ಬಿಟ್ಟು ಭಾಳ ದೂರ ಹೋಗಂಗಿಲ್ಲ, ಮಧ್ಯಾಹ್ನ ಗಾಳಿ ಜೋರಾಗೋಕಿಂತ ಮೊದಲು ನೀರು ಬಿಟ್ಟು ಮ್ಯಾಲ ಬರಬೇಕು, ಇಷ್ಟೇ ಹಿಸಾಬು. ಆ ಹಿಸಾಬು ಅವರು ಮುರೀಲಿಲ್ಲ.

ಓಂ ಬೀಚಿನಿಂದ ದಕ್ಷಿಣಕ್ಕ ಹಾಫ್ ಮೂನ್ ಬೀಚು, ಅಲ್ಲಿಂದ ಪ್ಯಾರಡೈಸ್ ಬೀಚು. ಪ್ಯಾರಡೈಸಿಗಿ ಗಾಡಿ ರಸ್ತಾ ಇಲ್ಲ, ಗುಡ್ಡ ಹತ್ತಿ ನಡೀಬೇಕು ಇಲ್ಲಾ ದೋಣಿಯಾಗ ಬರಬೇಕು. ಈ ನಡುವಿನ ದಂಡಿನೇ ಟ್ರಿಪ್ಪಿನ ಜೀವ. ಗುಡ್ಡ ನೇರ ನೀರಿಗಿ ಇಳಿದದ, ಮ್ಯಾಲ ಕೆಂಪು ಜಂಬಿಟ್ಟಿಗಿ, ಕೆಳಗ ಕರಿ ಕಲ್ಲು, ಕಲ್ಲಿನ ಮ್ಯಾಲ ಬೆಳ್ಳಗ ಚಿಪ್ಪು ಕಚ್ಕೊಂಡು ಕೂತಾವ, ಬ್ಲೇಡಿನಂಥಾ ಹರಿತ. ಅಲೆ ಹೋಗಿ ಆ ಗೋಡಿಗಿ ಬಡಿದು ವಾಪಸ್ ಬರ್ತದ, ಬರೋ ಅಲೆ ಹೋಗೋ ಅಲೆ ಕೂಡಿ ನೀರು ಅಲ್ಲೇ ಕುಣೀತದ, ಎಲ್ಲಿಂದ ಯಾವ ಕಡಿ ಎತ್ತತದ ತಿಳಿಯಂಗಿಲ್ಲ. ನೋಡ್ಲಾಕ ಚಂದ ಅದಂತ ಎಲ್ಲಾರೂ ಹತ್ರ ಹೋಗ್ಲಾಕ ನೋಡ್ತಾರ, ಲೀಡರ್ ಮಾತ್ರ ನಾಲ್ಕೈದು ದೋಣಿ ಉದ್ದ ದೂರ ಇಟ್ಟೇ ಕರ್ಕೊಂಡು ಹೋದ್ರು. ಕಲ್ಲಿನ ಸಂದಿಯಾಗ ನೀರು ನುಗ್ಗಿದಾಗ ಒಳಗಿನ ಗಾಳಿ ಒತ್ತಿ ಧಡ್ ಅಂತ ಸಪ್ಪಳ ಬರ್ತದ, ಎದಿಯಾಗ ಕೇಳಸ್ತದ. ಗರುಡ ಮ್ಯಾಲಿಂದ ಸುತ್ತ ಹಾಕ್ತಿತ್ತು. ಹಾಫ್ ಮೂನ್ ದಾಟಿದ ಮ್ಯಾಲ ಡಾಲ್ಫಿನ್ ಬೆನ್ನು ಕಂಡ್ವು, ಬೂದಿ ಬಣ್ಣದ್ದು, ಬೆನ್ನ ಮ್ಯಾಲ ಗೂನು ಇದ್ದವು. ಅವುಗಳ ಬೆನ್ನ ಹತ್ತಿ ಹೋಗೋದು ಬ್ಯಾಡ, ಪ್ಯಾಡಲ್ ಮಡಿಗಿ ಸುಮ್ನ ಕೂಡ್ರಿ ಅಂದ್ರು. ಕೂತ್ವಿ. ಅವು ತಮ್ಮಷ್ಟಕ್ಕ ಮೀನ ಹಿಡ್ಕೋತ ಹೋದ್ವು. ಮೋಟಾರ್ ದೋಣಿಗೋಳು ಮಂದಿ ತುಂಬ್ಕೊಂಡು ಅವುಗಳ ಹಿಂದ ಓಡ್ತಾವ ಅಲ್ಲಿ, ಅದನ್ನ ನೋಡಿದ್ರ ಹೊಟ್ಟಿ ಉರೀತದ.

ಪ್ಯಾರಡೈಸಿನ ಹತ್ರ ನಮ್ಮ ಬ್ಯಾಚಿನ ಸಾಲಿ ಮಾಸ್ತರೊಬ್ಬರು ಹಿಂದ ತಿರುಗಿ ಹೆಂಡತೀನ ಕೂಗ್ಲಾಕ ಹೋದಾಗ ಒಂದು ಅಡ್ಡ ಅಲೆ ಬಂತು, ಬೋರಲ್ ಆದ್ರು. ಈಜುಕೊಳದಾಗ ಕಲ್ತದ್ದು ಕಣ್ಣ ಮುಂದ ನಡೀತು. ದೋಣಿ ಹೊಟ್ಟಿ ಮ್ಯಾಲ ಮೂರು ಬಡತ ಕೇಳಿಸ್ತು, ತಲಿ ಮ್ಯಾಲ ಬಂತು, ಒಂದು ಕೈಯಾಗ ಪ್ಯಾಡಲ್ ಒಂದು ಕೈಯಾಗ ದೋಣಿ ಹಗ್ಗ ಬಿಟ್ಟಿದ್ದಿಲ್ಲ. ಅಸಿಸ್ಟೆಂಟ್ ಹುಡುಗಿ, ಇಪ್ಪತ್ತೆರಡು ಇಪ್ಪತ್ಮೂರರ ಆಸುಪಾಸಿನಾಕಿ, ತನ್ನ ದೋಣಿಗಿ ಅಡ್ಡ ಅವರ ದೋಣಿ ಮೂತಿ ಹಿಡಿದು ಮಡಿಲ ಮುಂದ ಜಗ್ಗಿಕೊಂಡಳು, ಬೋರಲ್ ಇದ್ದಂಗೇ ಎತ್ತಿದ ಕೂಡಲೇ ಒಳಗಿನ ನೀರೆಲ್ಲಾ ಸುರೀತು, ಆಮ್ಯಾಲ ಸೀದಾ ಮಾಡಿ ಎರಡೂ ದೋಣಿ ಬಾಜೂ ಬಾಜೂಕ ಕೂಡಿಸಿ ಮೈ ಭಾರ ಪೂರಾ ಅವರ ದೋಣಿ ಮ್ಯಾಲ ಹಾಕಿ ಹಿಡದಳು, "ಸರ್ ಕಾಲು ಒದೀರಿ, ಹೊಟ್ಟಿ ಮ್ಯಾಲ ಹತ್ರಿ, ಈಗ ಕಾಲು ಒಳಗ, ಈಗ ತಿರುಗ್ರಿ" ಅಂತ ಒಂದೊಂದೇ ಹೇಳಿದ್ಳು. ಲೀಡರ್ ಬರೋದ್ರಾಗ ಅವರು ಕೂತೇಬಿಟ್ಟಿದ್ರು. ಆ ಹುಡುಗಿ ನಮ್ಮ ಕಲಬುರಗಿಯಾಕಿನೇ, ಇದೇ ಕ್ಲಬ್ಬಿನ್ಯಾಗ ಕಲ್ತಾಕಿ. ನನಗ ಅದನ್ನ ನೋಡಿ ಆದ ಖುಷಿ ಹೇಳ್ಲಾಕ ಬರಂಗಿಲ್ಲ. ಬಾಡಿಗಿ ಕಯಾಕ್ ತಗೊಂಡು ತಾವೇ ಹೋದವ್ರಿಗಿ ಇದನ್ನ ಮಾಡೋರು ಯಾರು ಇರ್ತಾರ?

ಮಧ್ಯಾಹ್ನದ ಬುತ್ತಿ ಉಸುಕಿನ ಮ್ಯಾಲೇ. ಕ್ಲಬ್ಬಿನವ್ರು ಕಟಕ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ಉಳ್ಳಾಗಡ್ಡಿ ತಂದಿದ್ರು, ನೀರು ಹೋಗದ ಚೀಲದಾಗ ಕಟ್ಟಿ. ಸಮುದ್ರಕ್ಕ ಇದಕ್ಕಿಂತ ಛಲೋ ಊಟ ಇಲ್ಲ ಅಂತ ನನಗ ಅನಸ್ತದ, ಹಳಸಂಗಿಲ್ಲ, ಹಗುರ, ಶೇಂಗಾದಾಗ ಎಣ್ಣಿ ಅದ, ಉಪ್ಪು ಖಾರ ಅದ, ಬೆವತು ಹೋದ ಉಪ್ಪು ವಾಪಸ್ ಬರ್ತದ. ಎರಡು ಲೀಟರ್ ಮ್ಯಾಲ ನೀರು ಒಬ್ಬೊಬ್ಬರು ಇಟ್ಕೋಬೇಕು ಅಂತ ಮೊದಲೇ ಹೇಳಿದ್ರು, ಅದೂ ಸರಿ. ನಾವು ಕಲಬುರಗಿ ಬಿಸಿಲು ಉಂಡವ್ರು, ನಮಗೇನಾಗ್ತದ ಅನ್ನಬ್ಯಾಡ್ರಿ, ಅಲ್ಲಿ ಬಿಸಿಲು ಮ್ಯಾಲಿಂದೂ ಬರ್ತದ ನೀರಿನಿಂದೂ ಬರ್ತದ, ಗದ್ದದ ಕೆಳಗ ಸುಟ್ಟು ಕೆಂಪಗಾಗ್ತದ. ಪೂರಾ ತೋಳಿನ ಅಂಗಿ, ಗದ್ದಕ್ಕ ದಾರ ಇರೋ ಟೊಪ್ಪಗಿ ಬೇಕೇ ಬೇಕು.

ವಾಪಸ್ ಬರಬೇಕಾದ್ರ ಗಾಳಿ ತಿರುಗಿತ್ತು, ಭುಜ ನೋಯ್ತಿದ್ವು. ತೋಳಿನ ಜೋರಿನಿಂದ ಹೊಡದವ್ರು ಎಲ್ಲಾರೂ ಸುಸ್ತಾದ್ರು, ಸೊಂಟದಿಂದ ಮೈ ತಿರುವಿ ಹೊಡದವ್ರು ಅರಾಮ್ ಬಂದ್ರು. ಒಬ್ಬ ಹೆಣ್ಮಗಳನ್ನ ಕಡೀಕ ಹಗ್ಗ ಹಾಕಿ ಜಗ್ಗಿಕೊಂಡು ಬಂದ್ರು, ಅದಕ್ಕ ಯಾರೂ ನಗಲಿಲ್ಲ, ಅದು ಈ ಬ್ಯಾಚಿನ ದೊಡ್ಡ ಗುಣ.

ಹೋಮ್‌ಸ್ಟೇ ಊಟದ ಬಗ್ಗಿ ಎರಡು ಮಾತಿಲ್ಲ. ಆ ಮನಿ ಅಮ್ಮೋರು ಕುಚಲಕ್ಕಿ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ, ತಿನ್ನೋರಿಗಿ ಬಂಗಡಿ ಮೀನು, ತಿನ್ನದವ್ರಿಗಿ ತಂಬುಳಿ ಪಲ್ಯ, ಎಲ್ಲಾ ಬಿಸಿಬಿಸಿ ಬಡಿಸಿದ್ರು. ಕೊರತಿ ಇದ್ದದ್ದು ದಂಡಿ ಮ್ಯಾಲ. ಒದ್ದಿ ಅರಿವಿ ಬದಲಿಸ್ಲಾಕ ಹೆಣ್ಮಕ್ಕಳಿಗಿ ಜಾಗಾನೇ ಇಲ್ಲ, ಇದ್ದೊಂದು ಪಾಯಖಾನಿ ಜಲ್ದಿ ಬೀಗ ಹಾಕಿದ್ರು, ನಾವು ನಾಲ್ಕು ಮಂದಿ ಒಬ್ಬರಿಗೊಬ್ಬರು ಟಾವೆಲ್ ಹಿಡ್ಕೊಂಡು ನಿಂತ್ವಿ. ಒಂದು ಸಣ್ಣ ಟೆಂಟ್ ಎಷ್ಟರ ಭಾರ ಆಗ್ತದ? ತಿಂಗಳ ಮುಟ್ಟಿನ ದಿನ ಇದ್ದಾಕಿ ಒಬ್ಬಾಕಿ ಅದಕ್ಕೇ ಮಧ್ಯಾಹ್ನ ನೀರಿಗಿ ಇಳೀಲೇ ಇಲ್ಲ. ರೊಕ್ಕ ಕೊಟ್ಟು ಅಷ್ಟು ದೂರದಿಂದ ಬಂದಾಕಿ ಆಕಿ. ಇದನ್ನ ಕ್ಲಬ್ಬಿನವ್ರು ಮೊದಲು ಸರಿ ಮಾಡ್ಲಿ, ಹೊಸ ದೋಣಿ ಆಮ್ಯಾಲ ತಗೋಳ್ಲಿ.

ಭಾನುವಾರದ ಪ್ಲಾನ್ ಭಾಳ ಮಂದಿ ಅದಕ್ಕೇ ಬಂದಿದ್ರು: ಬೇಲೆಕಾನ ಬೀಚು ದಾಟಿ ಅಘನಾಶಿನಿ ನದಿ ಬಾಯಿಯಿಂದ ಒಳಗ ಹೊಕ್ಕು ದಂಡಿ ಮ್ಯಾಲಿನ ತದಡಿ ಊರಿಗಿ ಮುಟ್ಟೋದು. ಮುಂಜಾನಿ ನಾಷ್ಟಾ ಹೊತ್ತಿಗಿ ಲೀಡರ್ ಬಂದು, ಸಮುದ್ರದ ಕಡಿಯಿಂದ ಹೋಗೋದಿಲ್ಲ, ಬಸ್ಸಿನ್ಯಾಗ ತದಡಿಗಿ ಹೋಗಿ ಉಬ್ಬರ ಶುರು ಆದ ಮ್ಯಾಲ ಒಳಗಿಂದೇ ನದಿಯಾಗ ಹೋಗೋಣು ಅಂದ್ರು. ಇಬ್ಬರು ಮೂವರು ಸಿಟ್ಟಿಗೆದ್ರು. "ರೊಕ್ಕ ಕೊಟ್ಟೀವಿ, ನೀರು ಶಾಂತ ಅದ, ಕಣ್ಣಿಗಿ ಕಾಣ್ಲಾಕತ್ತದ" ಅಂದ್ರು. ಲೀಡರ್ ಜಗಳ ಮಾಡ್ಲಿಲ್ಲ, ಉಸುಕಿನ ಮ್ಯಾಲ ಕಡ್ಡಿಯಿಂದ ಬರದು ತೋರ್ಸಿದ್ರು. ಉಬ್ಬರ ಇಳಿತದ ಟೈಮು ದಿನಾ ಸುಮಾರು 50 ನಿಮಿಷ ಮುಂದ ಹೋಗ್ತದ. ನಾವು ನದಿ ಬಾಯಿಗಿ ಮುಟ್ಟೋ ಹೊತ್ತಿಗಿ ಇಳಿತ ಜೋರಿರ್ತದ. ಅಮಾಸಿ ಹತ್ರ ಇದ್ದದ್ದಕ್ಕ ನೀರು ಏರೋದೂ ಜಾಸ್ತಿ ಇಳಿಯೋದೂ ಜಾಸ್ತಿ. ಅಷ್ಟು ದೊಡ್ಡ ಹಿನ್ನೀರೆಲ್ಲಾ ಆ ಒಂದೇ ಬಾಯಿಂದ ಹೊರಗ ಓಡ್ತದ, ಎದುರಿಗಿ ಸಮುದ್ರದ ಅಲೆ ಒಳಗ ಬರ್ತದ, ಬಾಯಿಯಾಗ ಉಸುಕಿನ ದಿಬ್ಬ ಅದ, ಆಳ ಇಲ್ಲ. ಎರಡೂ ಎದುರಾ ಬದುರಾ ಆದಾಗ ಅಲೆ ಕಡಿದಾಗಿ ಎದ್ದು ನಿಂತು ಅಲ್ಲೇ ಮುರೀತಾವ. ಬೋರಲ್ ಬಿದ್ರ ಮಂದೀನೂ ದೋಣೀನೂ ಹರಿವು ಹೊರಗ ಒಯ್ತದ. ಅಲ್ಲೇ ಬಲಿ ಸರಿ ಮಾಡ್ಕೋತ ಕೂತಿದ್ದ ಮೀನುಗಾರ ಅಣ್ಣೋರನ್ನೂ ಕೇಳ್ಯಾರ, ಅವರೂ ಈ ಹೊತ್ತಿನ್ಯಾಗ ಸಣ್ಣ ದೋಣಿ ಬಾಯಿ ಕಡಿ ಒಯ್ಯೋದು ಬ್ಯಾಡ ಅಂದಾರ.

ಸಿಟ್ಟಾದವ್ರು ಆಮ್ಯಾಲೂ ಮುಖ ಗಂಟು ಹಾಕ್ಕೊಂಡೇ ಇದ್ರು, ಅವರ ರಿವ್ಯೂನ್ಯಾಗ ಏನ್ ಬರೀತಾರೋ ಗೊತ್ತಿಲ್ಲ. ನಾ ಮಾತ್ರ ಇದಕ್ಕೇ ಪೂರಾ ಮಾರ್ಕ್ಸ್ ಕೊಡ್ತೀನಿ. ರೊಕ್ಕ ತಗೊಂಡ ಮ್ಯಾಲ ಮಂದಿ ಎದುರು ನಿಂತು ಇಲ್ಲ ಅನ್ನೋದು ಸುಲಭ ಅಲ್ಲ. ಮಧ್ಯಾಹ್ನ ತದಡಿ ಧಕ್ಕಿ ಹತ್ರದಿಂದ ಆ ಬಾಯಿ ಕಡಿ ನೋಡಿದ್ರ ದೂರದಾಗ ಬೆಳ್ಳಗ ಒಂದು ಗೆರಿ ಎದ್ದು ಎದ್ದು ಬೀಳ್ತಿತ್ತು, ಶಾಂತ ಅಂದವ್ರೂ ನೋಡಿದ್ರು.

ನದಿಯೊಳಗಿನ ದಾರಿನೂ ಏನ್ ಕಡಿಮಿ ಇಲ್ರಿ. ಅಘನಾಶಿನಿ ಶಿರಸಿ ಕಡಿ ಹುಟ್ಟಿ 120 ಕಿಲೋಮೀಟರ್ ಆಸುಪಾಸು ಹರಿದು ಇಲ್ಲಿ ಕೂಡ್ತದ, ದಾರಿ ಮ್ಯಾಲ ಅದನ್ನ ತಡೆಯೋ ದೊಡ್ಡ ಡ್ಯಾಮ್ ಇಲ್ಲ. ನಮ್ಮ ಭೀಮಾ ಅಂದ್ರ ಮ್ಯಾಲ ಉಜನಿ ಡ್ಯಾಮಿನಿಂದ ಎಷ್ಟು ಬಿಟ್ರು, ಸೊನ್ನ ಬ್ಯಾರೇಜಿನ್ಯಾಗ ಎಷ್ಟು ನಿಂತದ ಅನ್ನೋದ್ರ ಮ್ಯಾಲ ನಡಿಯೋ ನದಿ, ಹಂಗಾಗಿ ತಾನೇ ಬಂದು ತಾನೇ ಸಮುದ್ರ ಸೇರೋ ನದಿ ನೋಡಿ ಕಣ್ಣು ತುಂಬ್ತು. ಉಬ್ಬರದ ನೀರೇ ನಮ್ಮನ್ನ ಒಳಗ ದೂಡ್ಕೋತ ಹೋಯ್ತು, ಪ್ಯಾಡಲ್ ಬರೀ ದಿಕ್ಕು ಸರಿ ಮಾಡ್ಲಾಕ. ಎರಡೂ ಕಡಿ ಕಾಂಡ್ಲಾ ಅಂದ್ರ ಮ್ಯಾಂಗ್ರೋವ್ ಗಿಡ, ಬೇರು ನೀರಿಂದ ಮ್ಯಾಲ ಬಂದಾವ, ಕೆಸರಿನ್ಯಾಗ ಸಣ್ಣ ಏಡಿಗೋಳು ನಮ್ಮ ನೆರಳು ಬಿದ್ದ ಕೂಡಲೇ ತೂತಿನ್ಯಾಗ ಹೋಗ್ತಿದ್ವು. ನೀರು ಇನ್ನೂ ಕಡಿಮಿ ಇದ್ದ ಕಡಿ ಹೆಣ್ಮಕ್ಕಳು ಸೊಂಟದ ಮಟ ನಿಂತು ಕಾಲಿನಿಂದ ಕೆಸರು ತಡಕಾಡಿ ಬಳಚು ಅನ್ನೋ ತಿನ್ನೋ ಚಿಪ್ಪು ತಗೀತಿದ್ರು, ಬುಟ್ಟಿ ತೇಲಿಬಿಟ್ಟು. ನಾವು ಹತ್ರ ಹೋದಾಗ ಒಬ್ಬ ಅಜ್ಜಿ ಚಿಪ್ಪು ಬಿಚ್ಚಿ ಒಳಗಿನ ಹಳದಿ ಮಾಂಸ ತೋರ್ಸಿದ್ರು, "ಎಲ್ಲಿಯವ್ರು" ಅಂತ ಕೇಳಿದ್ರು, ಕಲಬುರಗಿ ಅಂದ್ರ "ಅಷ್ಟು ದೂರದಿಂದ ಇದನ್ನ ನೋಡ್ಲಿಕ್ಕೆ ಬಂದ್ರಾ" ಅಂದ್ರು. ಈ ಬಳಚಿನ ಮ್ಯಾಲೇ ಸುತ್ತಲಿನ ಹಳ್ಳಿಯ ಎಷ್ಟೋ ಮನಿ ನಡೀತಾವ. 2024ರಾಗ ನದಿ ಸಮುದ್ರ ಕೂಡೋ ಈ ಅಳಿವೆಗಿ ರಾಮ್ಸಾರ್ ಜಾಗ, ಅಂದ್ರ ಜಗತ್ತಿನ ಮಟ್ಟದಾಗ ಮಹತ್ವದ ಜೌಗು ಪ್ರದೇಶ ಅಂತ ಮಾನ್ಯತಿ ಸಿಕ್ಕದ, ಸಿಗಲೇಬೇಕಿತ್ತು. ಬಳಚು ತಗಿಯೋರ ನಡುವ ದೋಣಿ ಹಾಸಬ್ಯಾಡ್ರಿ, ಅವರ ಬುಟ್ಟಿ ಹಗ್ಗ ಇರ್ತಾವ ಅಂತ ಲೀಡರ್ ಮೊದಲೇ ಹೇಳಿದ್ರು, ಆದ್ರೂ ನಮ್ಮ ಬ್ಯಾಚಿನ ಹುಡುಗೂರು ಇಬ್ಬರು ಫೋಟೋ ಸಲುವಾಗಿ ನಡುವ ಹೋದ್ರು. ಅವ್ರಿಗಿ ಲೀಡರ್ ಎಲ್ಲಾರ ಮುಂದ ಹೇಳಬೇಕಿತ್ತು, ಮೆಲ್ಲಕ ಹೇಳಿ ಬಿಟ್ರು. ಅಲ್ಲಿ ನಾವು ಮಂದಿ ಅಂಗಳಕ್ಕ ಹೋದವ್ರು.

ಹೋಗೋರಿಗಿ ಇನ್ನೊಂದೆರಡು ಮಾತು. ನವೆಂಬರಿಂದ ಫೆಬ್ರವರಿ ಛಲೋ, ಮಾರ್ಚಿಗಿ ಮಧ್ಯಾಹ್ನದ ಗಾಳಿ ಇನ್ನೂ ಜೋರಾಗ್ತದ, ಮಳಿಗಾಲದಾಗ ಯಾರು ಕರದ್ರೂ ಹೋಗಬ್ಯಾಡ್ರಿ. ಶಿವರಾತ್ರಿ ಹೊತ್ತಿನ್ಯಾಗ ಗೋಕರ್ಣ ತುಂಬಿ ತುಳಕತದ, ಬಸ್ಸು ಊರು ದಾಟ್ಲಾಕೇ ತಾಸುಗಟ್ಲೆ ಬೇಕು, ಆ ಬ್ಯಾಚು ತಗೋಬ್ಯಾಡ್ರಿ. ಭುಜದ ನೋವು, ಫಿಟ್ಸು, ದಮ್ಮು ಇದ್ರ ಫಾರ್ಮಿನ್ಯಾಗ ಮುಚ್ಚಿಡಬ್ಯಾಡ್ರಿ, ಲೀಡರ್ ಅದನ್ನ ಓದಿ ಯಾರ ಬಾಜೂಕ ಯಾರು ಅಂತ ಜೋಡಿ ಮಾಡ್ತಾರ. ಚಪ್ಪಲಿ ಅಲ್ಲ, ಹಿಂದ ಪಟ್ಟಿ ಇರೋ ಹಳೇ ಬೂಟು ಹಾಕ್ಕೊಳ್ರಿ, ಆ ಚಿಪ್ಪಿನ ಕಲ್ಲಿನ ಮ್ಯಾಲ ಬರಿಗಾಲು ಇಡ್ಲಾಕ ಬರಂಗಿಲ್ಲ. ಈಜುಕೊಳದ ಟ್ರೇನಿಂಗಿಗಿ ರಜಾ ಸಿಗಲಿಲ್ಲ, ನೇರ ಬಸ್ಸಿಗೇ ಬರ್ತೀವಿ ಅಂತ ಕೇಳೋರು ಇರ್ತಾರ, ಕ್ಲಬ್ಬಿನವ್ರು ಅಂಥವರನ್ನ ಕರ್ಕೊಂಡು ಹೋಗಂಗಿಲ್ಲ, ರೊಕ್ಕ ವಾಪಸ್ ಕೊಡ್ತಾರ, ಅದೂ ಸರಿನೇ ಅದ. ಮುಂದಿನ ಬ್ಯಾಚಿಗಿ ನಮ್ಮ ತಂಗಿ ಈಗ್ಲೇ ಹೆಸರು ಕೊಟ್ಟಾಳ, ಬದಲಿಸೋ ಟೆಂಟಿಂದೂ ಸಣ್ಣ ಜಾಕೆಟ್ಟಿಂದೂ ಬರದು ಕೊಟ್ಟೀವಿ, ತರ್ತೀವಿ ಅಂದಾರ.